ಕಿಟಕಿಯಲ್ಲಿ ಕುಳಿತ ಬೆಕ್ಕು



ಇಂದಿನ ಟೋಕಿಯೋ ನಗರಕ್ಕೆ ಹಿಂದೆ ಎಡೋ ಎಂಬ ಹೆಸರಿತ್ತು. ಅಲ್ಲಿನ ಬೀದಿ, ಸೇತುವೆ, ಅಂಗಡಿ, ಮಳೆಗಳನ್ನು ಹಿರೋಶಿಗೆ ಎಂಬ ಕಲಾವಿದ 1856ರಿಂದ, ತಾನು ತೀರಿಕೊಂಡ 1858ರವರೆಗೆ, ಒಂದು ದೊಡ್ಡ ಸರಣಿಯಾಗಿ ಚಿತ್ರಿಸಿದ. ಇವು ಮರದ ಅಚ್ಚಿನ ಚಿತ್ರಗಳು. ಕಲಾವಿದ ಗೆರೆ ಬರೆದುಕೊಟ್ಟರೆ ಹಲಗೆ ಕೆತ್ತುವವನು ಬೇರೆ, ಬಣ್ಣ ಹಚ್ಚಿ ಮುದ್ರಿಸುವವನು ಬೇರೆ.

ಸರಣಿಯ 1857ರ ಒಂದೇ ಒಂದು ಚಿತ್ರವನ್ನು ನೋಡೋಣ. ಬಹುಭಾಗವನ್ನು ಒಂದು ಕಿಟಕಿಯೇ ಆಕ್ರಮಿಸಿದೆ. ಅದರಲ್ಲಿ ಬಿಳಿ ಬೆಕ್ಕೊಂದು ಹೊರಗೆ ನೋಡುತ್ತ ಕುಳಿತಿದೆ. ಸರಳುಗಳಾಚೆ ಗದ್ದೆ, ಗದ್ದೆಯ ನಡುವೆ ಇರುವೆಸಾಲಿನಂತೆ ಜಾತ್ರೆಯ ಜನ, ದೂರದಲ್ಲಿ ಫ್ಯೂಜಿ ಪರ್ವತ. ಕೋಣೆಯೊಳಗೆ ಮನುಷ್ಯರಿಲ್ಲ. ನೆಲದ ಮೇಲೆ ಮುಡಿಗೆ ಸಿಕ್ಕಿಸುವ ಕೆಲವು ಪಿನ್ನುಗಳಿವೆ.

ಆ ಪಿನ್ನುಗಳ ತುದಿಗೆ ಒಣಎಲೆ ಬಾಚುವ ಬಿದಿರಿನ ಸಾಧನದ ಆಕಾರ. ಜಾತ್ರೆಯಲ್ಲಿ ಅಂಥ ಸಾಧನಗಳನ್ನು ಮಾರುತ್ತಿದ್ದರು. ಅದೃಷ್ಟವನ್ನು ಬಾಚಿಕೊಳ್ಳಬಹುದೆಂಬ ನಂಬಿಕೆ. ಮನೆ ಇರುವುದು ಯೋಶಿವಾರಾ ಎಂಬ ಕೇರಿಯಲ್ಲಿ. ಬಡತನದಿಂದ ಮಾರಾಟವಾದ ಹೆಣ್ಣುಮಕ್ಕಳನ್ನು ಇರಿಸಿದ್ದ, ಸುತ್ತ ಕಂದಕವಿದ್ದ ಕೇರಿ ಅದು. ಅವರು ಮನಸ್ಸು ಬಂದಾಗ ಹೊರಗೆ ಕಾಲಿಡುವಂತಿರಲಿಲ್ಲ. ಹಾಗಾದರೆ ಬೆಕ್ಕು ಜಾತ್ರೆ ನೋಡುತ್ತಿರುವುದು ಯಾರ ಪರವಾಗಿ? ಅವಳನ್ನೇ ಬರೆದಿದ್ದರೆ ಉಡುಪಿನ ಅಂದ ಮೆಚ್ಚಿ ಪುಟ ತಿರುಗಿಸುತ್ತಿದ್ದೆವು. ಬರೆಯದೆ ಬಿಟ್ಟದ್ದರಿಂದ ಅವಳ ಜಾಗದಲ್ಲಿ ನಾವು ನಿಂತಿದ್ದೇವೆ.

ಹಿರೋಶಿಗೆಯ ಆಕಾಶ, ನದಿಗಳ ಕಡುನೀಲಿ ಯುರೋಪಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ. ವಿಜ್ಞಾನ ಓದಿದವರ ಚಪಲದಿಂದ ಒಂದು ಮಾತು ಸೇರಿಸುತ್ತೇನೆ: ಸೈನೈಡ್ ಎಂಬ ಪದದ ಮೂಲವೂ ಈ ನೀಲಿಯ ಕಡೆಗೇ ಹೋಗುತ್ತದೆ, ಗ್ರೀಕಿನಲ್ಲಿ ಅದರ ಅರ್ಥ ಕಡುನೀಲಿ. ಕೋಲಾರ ಚಿನ್ನದ ಗಣಿಯ ಮಕ್ಕಳಿಗೆ ಆ ಪದ ಹೊಸದಲ್ಲ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳೇ ಅಲ್ಲಿನ ಸೈನೈಡ್ ಗುಡ್ಡಗಳು. 2001ರಲ್ಲಿ ಗಣಿ ಮುಚ್ಚಿತು, ಗುಡ್ಡಗಳು ಉಳಿದವು.

ಅಲ್ಲಿನ ಕೋರಮಂಡಲ್ ಬಡಾವಣೆಯನ್ನು ಚಿತ್ರೀಕರಿಸಲು ಹೋದ ನಮ್ಮಂಥವರು ಮೊದಲು ಗುಡ್ಡವನ್ನೇ ಚೌಕಟ್ಟಿನ ತುಂಬ ತುಂಬುತ್ತೇವೆ. ಹಿರೋಶಿಗೆ ಹಾಗೆ ಮಾಡುತ್ತಿರಲಿಲ್ಲವೆಂದು ನನ್ನ ಎಣಿಕೆ. ಮಾರಿಕುಪ್ಪದಿಂದ ಬಂಗಾರಪೇಟೆಯ ಕಡೆಗೆ ಹೊರಟ ಬೆಳಗಿನ ರೈಲು. ಕಿಟಕಿಯ ಅಡ್ಡಸರಳುಗಳು ದಪ್ಪನಾಗಿ ಮುಂದೆ. ಬೆಂಗಳೂರಿಗೆ ದುಡಿಯಲು ಹೊರಟ ಯಾರದೋ ಬುತ್ತಿಚೀಲ ಪಕ್ಕದ ಕೊಕ್ಕೆಯಲ್ಲಿ. ಗುಡ್ಡವೋ, ಎರಡು ಸರಳುಗಳ ನಡುವೆ ಬೆರಳಿನಷ್ಟು. ಚೀಲದ ಒಡೆಯನ ಮುಖ ಬೇಡ. ನೋಟುಪುಸ್ತಕದ ಹಾಳೆಯಲ್ಲಿ ಒಮ್ಮೆ ಬರೆದು ನೋಡಿ. ಬಣ್ಣ ಇಲ್ಲದಿದ್ದರೆ ಪೆನ್ಸಿಲ್ ಸಾಕು.