ಗಿಟಾರ್ ವಾದ್ಯವನ್ನು ಆರಿಸುವ ಬಗೆ



ಹಿರಿಯೂರು ಸೀಮೆಯ ಬಬ್ಬೂರಿನಂತಹ ಊರಿನಲ್ಲಿರುವ ಒಬ್ಬ ತರುಣನೋ ತರುಣಿಯೋ ಗಿಟಾರ್ ಕಲಿಯಬೇಕೆಂದು ಬಯಸಿದರೆ ಮೊದಲು ಎದುರಾಗುವ ಪ್ರಶ್ನೆ ಸ್ವರತಾಳಗಳದ್ದಲ್ಲ, ಹಣದ್ದು. ಕಡಲೆಕಾಯಿ ಈರುಳ್ಳಿಗಳ ಫಸಲನ್ನು ನೆಚ್ಚಿದ ಸಂಸಾರಕ್ಕೆ ಐದಾರು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಅಷ್ಟನ್ನು ಮನೆಯವರಿಂದ ಕೇಳಿ ಪಡೆದು ತಂದ ವಾದ್ಯವು ಮೂರು ತಿಂಗಳಲ್ಲಿ ಅಟ್ಟವನ್ನು ಸೇರಿದರೆ ನಷ್ಟವಾಗುವುದು ಹಣ ಮಾತ್ರವಲ್ಲ. ಸಂಗೀತವು ನಮ್ಮಂತಹವರಿಗೆ ಒಗ್ಗುವುದಿಲ್ಲವೆಂಬ ಮಾತು ಆ ಮನೆಯಲ್ಲಿ ನೆಲೆಯೂರುತ್ತದೆ. ಮುಂದೆ ತಮ್ಮನೋ ತಂಗಿಯೋ ಕೇಳಿದಾಗ ದೊರೆಯುವ ಉತ್ತರವೂ ಅದೇ. ಆದುದರಿಂದ ಅಲ್ಪವೆಚ್ಚದಲ್ಲಿ ಒಳ್ಳೆಯ ವಾದ್ಯವನ್ನು ಹೇಗೆ ಗುರುತಿಸಬೇಕು, ಅದರಿಂದ ಇಂಪಾದ ನಾದವನ್ನು ಹೇಗೆ ಪಡೆಯಬೇಕು ಎಂಬ ಎರಡು ವಿಷಯಗಳನ್ನು ಈ ಹೊತ್ತು ವಿಚಾರ ಮಾಡೋಣ.

ಗಿಟಾರು ಪರದೇಶದ ವಾದ್ಯ, ಅದು ನಮಗೇಕೆ ಎಂದು ಹಿರಿಯರು ಕೇಳಬಹುದು. ಪಿಟೀಲೂ ಪರದೇಶದಿಂದಲೇ ಬಂದದ್ದು. ಬಾಲಸ್ವಾಮಿ ದೀಕ್ಷಿತರಂತಹ ವಿದ್ವಾಂಸರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಅಳವಡಿಸಿ ಹೆಸರಾದರು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿರಿಸಿಕೊಂಡು ಬ್ರಿಜ್‌ಭೂಷಣ ಕಾಬ್ರಾ ಅವರು ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ಅದನ್ನೇ ಮಾರ್ಪಡಿಸಿ ಮೋಹನವೀಣೆಯೆಂದು ಕರೆದು, 1994ರಲ್ಲಿ ಗ್ರಾಮಿ ಪ್ರಶಸ್ತಿಯನ್ನು ಪಡೆದರು. ಇನ್ನೊಂದು ಸಂಗತಿ: ಅಮೆರಿಕದ ಪ್ರಸಿದ್ಧ ಗಿಟಾರ್ ತಯಾರಕರಾದ ಮಾರ್ಟಿನ್ ಸಂಸ್ಥೆಯವರು ಬ್ರೆಜಿಲ್ ದೇಶದ ಮರ ದುರ್ಲಭವಾದ ಕಾರಣ 1969ರಿಂದೀಚೆಗೆ ಭಾರತದ ಬೀಟೆಮರವನ್ನು ಬಳಸತೊಡಗಿದರು. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಜಾತಿಯ ಮರವೇ ಅಲ್ಲಿ ಗಿಟಾರಿನ ಒಡಲಾಗಿರುವಾಗ, ಈ ವಾದ್ಯವು ನಮಗೆ ಅನ್ಯವೆನ್ನುವುದು ಹೇಗೆ?

ಗಿಟಾರಿನಲ್ಲಿ ಮುಖ್ಯವಾಗಿ ಎರಡು ಬಗೆ: ನೈಲಾನ್ ತಂತಿಯದು ಮತ್ತು ಉಕ್ಕಿನ ತಂತಿಯದು. ನೈಲಾನ್ ತಂತಿ ಬೆರಳಿಗೆ ಮೃದು, ದನಿಯೂ ಮೃದು. ಉಕ್ಕಿನ ತಂತಿಯ ದನಿ ಗಡುಸು, ಹಾಡಿಗೆ ಜೊತೆಯಾಗಿ ನುಡಿಸಲು ಅನುಕೂಲ. ಆದರೆ ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಕ್ಕಿನ ಆರು ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ಭಾರದಷ್ಟು ಸೆಳೆತವನ್ನು ಉಂಟುಮಾಡುತ್ತವೆ. ನೈಲಾನ್ ತಂತಿಗಳ ಸೆಳೆತ ಇದಕ್ಕಿಂತ ಬಹಳ ಕಡಮೆ. ಆದಕಾರಣ ನೈಲಾನ್ ತಂತಿಗೆಂದು ಮಾಡಿದ ವಾದ್ಯಕ್ಕೆ ಉಕ್ಕಿನ ತಂತಿಯನ್ನು ಎಂದಿಗೂ ಬಿಗಿಯಬಾರದು. ಬಿಗಿದರೆ ಕುದುರೆ ಕಿತ್ತುಬರುತ್ತದೆ, ಇಲ್ಲವೆ ದಂಡಿ ಬಾಗುತ್ತದೆ.

ಎರಡು ಮೂರು ಸಾವಿರಕ್ಕೆ ದೊರೆಯುವ ಬಣ್ಣಬಣ್ಣದ ವಾದ್ಯಗಳು ಕಣ್ಣಿಗೆ ಚೆನ್ನ. ಆದರೆ ಅವುಗಳಲ್ಲಿ ಅನೇಕಕ್ಕೆ ತಂತಿ ಬಹಳ ಎತ್ತರದಲ್ಲಿರುತ್ತದೆ, ಬಿರಡೆಗಳು ಜಾರುತ್ತವೆ. ಐದರಿಂದ ಹತ್ತು ಸಾವಿರದೊಳಗೆ ಕಲಿಕೆಗೆ ಸಾಕಾದ ವಾದ್ಯ ಸಿಗುತ್ತದೆ. ಈ ಬೆಲೆಯಲ್ಲಿ ಮೇಲುಹಲಗೆಯು ಸಾಮಾನ್ಯವಾಗಿ ಪದರ ಪದರವಾಗಿ ಅಂಟಿಸಿದ್ದಾಗಿರುತ್ತದೆ. ಒಂದೇ ಹಲಗೆಯದರ ನಾದವು ಹೆಚ್ಚು ತುಂಬಿರುವುದು ನಿಜವಾದರೂ ಕಲಿಯುವವನಿಗೆ ಅದು ಕಡ್ಡಾಯವಲ್ಲ. ಒಳಗೆ ವಿದ್ಯುತ್ ಸಲಕರಣೆ ಅಳವಡಿಸಿದ ವಾದ್ಯಕ್ಕೆ ಹೆಚ್ಚು ತೆರುವುದಕ್ಕಿಂತ ಆ ಹಣವನ್ನು ಒಳ್ಳೆಯ ತಂತಿಗೂ ಚೀಲಕ್ಕೂ ವಿನಿಯೋಗಿಸುವುದು ಲೇಸು.

ಚಿತ್ರದುರ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ವಾದ್ಯವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಉತ್ತಮ. ಮನೆಗೆ ತರಿಸಿಕೊಂಡರೆ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷಿಸತಕ್ಕದ್ದು. ಪರೀಕ್ಷೆಗಳು ನಾಲ್ಕು. ಮೊದಲನೆಯದಾಗಿ, ದಂಡಿಯನ್ನು ಬಂದೂಕಿನ ಗುರಿ ನೋಡುವಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಅದು ತಿರುಚಿಕೊಂಡಿರಬಾರದು. ಎರಡನೆಯದಾಗಿ, ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯ ಎತ್ತರವನ್ನು ಶಾಲೆಯ ಅಳತೆಪಟ್ಟಿಯಿಂದ ಅಳೆಯಿರಿ. ಉಕ್ಕಿನ ತಂತಿಗೆ 2ರಿಂದ 2.5 ಮಿಲಿಮೀಟರ್, ನೈಲಾನಿಗೆ 3ರಿಂದ 4 ಮಿಲಿಮೀಟರ್ ಸರಿಯಾದ ಅಳತೆ. ಮೂರನೆಯದಾಗಿ, ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿನಲ್ಲಿಯೂ ಒತ್ತಿ ಮೀಟಿರಿ, ಎಲ್ಲಿಯೂ ಕಿರುಗುಟ್ಟಬಾರದು. ನಾಲ್ಕನೆಯದು ಬಹು ಮುಖ್ಯ. ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ ಒತ್ತಿದರೆ ಬಿಡಿತಂತಿಯ ಮೇಲಿನ ಸ್ಥಾಯಿಯ ಷಡ್ಜವೇ ಕೇಳಬೇಕು. ವೀಣೆಯಲ್ಲಾದರೆ ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸಿರುವುದರಿಂದ ತಪ್ಪಿದರೆ ಸರಿಮಾಡಬಹುದು. ಗಿಟಾರಿನ ಮೆಟ್ಟುಗಳು ಮರದಲ್ಲಿಯೇ ಹೂತಿರುತ್ತವೆ; ಅಲ್ಲಿ ಸ್ವರಸ್ಥಾನ ತಪ್ಪಿದ ವಾದ್ಯವನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಬೇಕು. ಬಳಸಿದ ವಾದ್ಯವಾದರೆ ಕುದುರೆಯ ಹಿಂದೆ ಮೇಲುಹಲಗೆ ಉಬ್ಬಿದೆಯೇ, ಕುದುರೆ ಮೇಲೆದ್ದಿದೆಯೇ ಎಂಬುದನ್ನೂ ನೋಡಬೇಕು. ಈ ದೋಷಗಳಿಲ್ಲದ ಹಳೆಯ ವಾದ್ಯವು ಹೊಸ ಅಗ್ಗದ ವಾದ್ಯಕ್ಕಿಂತ ಮೇಲು.

ತಂತಿ ತುಸು ಎತ್ತರವಾಗಿದ್ದ ಮಾತ್ರಕ್ಕೆ ನಿರಾಶರಾಗಬೇಕಿಲ್ಲ. ಕುದುರೆಯ ಮೇಲಿನ ಬಿಳಿಯ ಪಟ್ಟಿಯನ್ನು ಹೊರತೆಗೆದು, ಅದರ ತಳವನ್ನು ಉಪ್ಪುಕಾಗದದ ಮೇಲೆ ಸಮನಾಗಿ ಉಜ್ಜಿ ತಗ್ಗಿಸಬಹುದು. ಒಂದು ಮಿಲಿಮೀಟರ್ ಸವೆಸಿದರೆ ಹನ್ನೆರಡನೆಯ ಮೆಟ್ಟಿನಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಉಜ್ಜಿ ನೋಡಬೇಕು. ಸವೆದದ್ದು ಹಿಂದಕ್ಕೆ ಬಾರದು. ಬಳಿಕ ತೆಳುವಾದ ಹೊಸ ತಂತಿಗಳನ್ನು ಕಟ್ಟಿರಿ. ಮೊದಲನೆಯ ತಂತಿ 0.012 ಅಂಗುಲದ್ದಕ್ಕೆ ಬದಲು 0.010 ಅಂಗುಲದ್ದಾದರೆ ಬೆರಳಿಗೆ ಎಷ್ಟೋ ಸುಲಭ. ಕೆಲವು ನೂರು ರೂಪಾಯಿಗಳ ಈ ಬದಲಾವಣೆಯಿಂದ ವಾದ್ಯದ ದನಿಯೇ ಹೊಸದಾಗುತ್ತದೆ.

ಇನ್ನು ಶ್ರುತಿಯ ವಿಚಾರ. ಶ್ರುತಿಗೂಡದ ವಾದ್ಯದಲ್ಲಿ ಇಂಪು ಎಲ್ಲಿಂದ ಬಂದೀತು? ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳಿಗೆ ಕೂಡಿಸುವುದು ರೂಢಿ. ಮೊಬೈಲ್ ಫೋನಿನಲ್ಲಿ ಇದಕ್ಕೆ ಉಚಿತವಾದ ಸಾಧನಗಳುಂಟು. ಆದರೆ ಕಿವಿಯನ್ನೂ ಪಳಗಿಸಬೇಕು. ಒಂದು ತಂತಿಯನ್ನು ಷಡ್ಜವೆಂದುಕೊಂಡರೆ ಅದರ ಐದನೆಯ ಮೆಟ್ಟು ಶುದ್ಧ ಮಧ್ಯಮ. ಅದೇ ಮುಂದಿನ ತಂತಿಯ ಬಿಡಿಸ್ವರ. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಮೆಟ್ಟು, ಎಂದರೆ ಅಂತರ ಗಾಂಧಾರ. ಭಜನೆಯ ಮನೆಯಲ್ಲಿ ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಇದು ಕಷ್ಟವಲ್ಲ. ಹೊಸ ತಂತಿಯು ಮೊದಲ ಕೆಲವು ದಿನ ಹಿಗ್ಗುತ್ತಿರುವುದರಿಂದ ಪದೇ ಪದೇ ಕೂಡಿಸಬೇಕಾಗುತ್ತದೆ. ಅದನ್ನು ವಾದ್ಯದ ದೋಷವೆಂದು ತಿಳಿಯಬಾರದು.

ಒಳ್ಳೆಯ ನಾದದ ಮತ್ತೊಂದು ಅರ್ಧ ಕೈಯಲ್ಲಿದೆ. ಎಡಗೈಯ ಉಗುರನ್ನು ಕತ್ತರಿಸಿ, ಬೆರಳ ತುದಿಯಿಂದ, ಮೆಟ್ಟಿಗೆ ಅಂಟಿದಂತೆ ಮೇರುವಿನ ಕಡೆಗೆ ಒತ್ತಬೇಕು. ಮೆಟ್ಟಿನಿಂದ ದೂರ ಒತ್ತಿದರೆ ಹೆಚ್ಚು ಬಲ ಬೇಕು, ದನಿಯೂ ಕಿರುಗುಟ್ಟುತ್ತದೆ. ಬಲಗೈ ಕುದುರೆಯ ಹತ್ತಿರ ಮೀಟಿದರೆ ದನಿ ಚೂಪಾಗುತ್ತದೆ. ನಾದರಂಧ್ರದ ಮೇಲೆ ಮೀಟಿದರೆ ದುಂಡಗಾಗುತ್ತದೆ. ಸ್ವರಮೇಳವನ್ನು ಹಿಡಿದಾಗ ಆರು ತಂತಿಗಳನ್ನೂ ಒಟ್ಟಿಗೆ ಬಾರಿಸುವ ಮೊದಲು ಒಂದೊಂದಾಗಿ ಮೀಟಿ, ಯಾವುದು ಮೂಕವಾಗಿದೆಯೆಂದು ಕಂಡುಕೊಳ್ಳಿರಿ. ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದೆ, ನಿಧಾನವಾಗಿ: ಭಾನುವಾರದ ಮೂರು ಗಂಟೆಗಿಂತ ಇದು ಫಲಕಾರಿ.

ಕೊನೆಯದಾಗಿ ಹವೆಯ ಮಾತು. ಹಿರಿಯೂರಿನದು ಮಳೆ ಕಡಮೆಯಾದ ಬಯಲುಸೀಮೆ. ಮರದ ವಾದ್ಯಕ್ಕೆ ಗಾಳಿಯಲ್ಲಿ ಶೇಕಡ 45ರಿಂದ 55ರಷ್ಟು ತೇವವಿದ್ದರೆ ಹಿತ. ಬೇಸಗೆಯ ಒಣಗಾಳಿಗೆ ಮರ ಕುಗ್ಗಿ, ಮೇಲುಹಲಗೆ ತಗ್ಗಿ, ತಂತಿಗಳು ಮೆಟ್ಟಿಗೆ ತಾಗಿ ಕಿರುಗುಟ್ಟುತ್ತವೆ. ಮೆಟ್ಟಿನ ಅಂಚುಗಳು ಹೊರಚಾಚಿ ಕೈಗೆ ತರಚುತ್ತವೆ. ಆದುದರಿಂದ ತಗಡಿನ ಸೂರಿನ ಕೆಳಗೆ ಗೋಡೆಗೆ ತೂಗುಹಾಕಬೇಡಿ. ವಾದ್ಯವನ್ನು ಚೀಲದಲ್ಲಿಟ್ಟು, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜನ್ನು ಇರಿಸಿ ಅದರೊಡನೆ ಇಡಿ. ನೀರು ಮಾತ್ರ ಮರಕ್ಕೆ ತೊಟ್ಟಿಕ್ಕಕೂಡದು.

ಶ್ರೋತೃಗಳೇ, ಕೆಟ್ಟ ವಾದ್ಯವು ಮಾಡುವ ದೊಡ್ಡ ಕೇಡೆಂದರೆ, ಕಲಿಯುವವನು ವಾದ್ಯದ ದೋಷವನ್ನು ತನ್ನ ಬೆರಳಿನ ದೋಷವೆಂದು ನಂಬಿಬಿಡುವುದು. ಅರ್ಧ ಗಂಟೆಯ ಪರೀಕ್ಷೆ, ಒಂದು ಅಳತೆಪಟ್ಟಿ, ಎಚ್ಚರದ ಕಿವಿ ಇಷ್ಟಿದ್ದರೆ ಆ ಕೇಡನ್ನು ತಪ್ಪಿಸಬಹುದು. ಮನೆಯ ಹಿರಿಯರು ಹಣ ಕೊಡುವ ದಿನ ಮಕ್ಕಳೊಡನೆ ಅಂಗಡಿಗೂ ಹೋಗಿ, ಈ ನಾಲ್ಕು ಪರೀಕ್ಷೆಗಳನ್ನು ಜೊತೆಯಲ್ಲಿ ನಿಂತು ಮಾಡಿಸಲಿ ಎಂಬುದಷ್ಟೇ ನನ್ನ ಬಿನ್ನಹ.