ಪಂಡಿತರ ಕೀರ್ದಿ ಬರೆಯುವವರು ಯಾರು?

(ಪಾಲಬಾವಿಯ ಸಭೆಯಲ್ಲಿ ಮಾಡಿದ ಭಾಷಣ)

ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ಈ ಭಾಗದ ರೈತ ಮೊದಲು ಕೇಳುವುದು, ಕಾಟಾ ಯಾರ ಕೈಯಲ್ಲಿದೆ ಎಂದು. ಅದೇ ಪ್ರಶ್ನೆಯನ್ನು ಇಂದು ವಿದ್ಯೆಯ ವಿಷಯದಲ್ಲಿ ಕೇಳಲು ಬಂದಿದ್ದೇವೆ. ಸರಕಾರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಸಂಬಳದಲ್ಲಿ ನೀವು ಕೊಳ್ಳುವ ಸಾಬೂನಿನ ಮೇಲಿನ ತೆರಿಗೆಯ ಪಾಲೂ ಇದೆ. ಅವರ ಕೆಲಸವನ್ನು ಹೇಗೆ ತೂಗುತ್ತಾರೆಂದು ತಿಳಿಯುವ ಹಕ್ಕು ನಿಮಗಿದೆ.

ಲೆಕ್ಕಪತ್ರ ಪದ್ಧತಿಯ ಒಬ್ಬ ಪಂಡಿತರನ್ನೇ ತೆಗೆದುಕೊಳ್ಳಿ. ಅವರ ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಉಲ್ಲೇಖ. ವಿಜ್ಞಾನದ ಉಲ್ಲೇಖಗಳನ್ನೆಲ್ಲ ಕೂಡಿಹಾಕುವ ದೊಡ್ಡ ಸೂಚಿಯನ್ನು ಅಮೇರಿಕೆಯ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. 2005ರಲ್ಲಿ ಹಿರ್ಶ್ ಎಂಬ ಭೌತಶಾಸ್ತ್ರಜ್ಞರು ಎಚ್-ಇಂಡೆಕ್ಸ್ ಎಂಬ ಅಂಕಿಯನ್ನು ಕೊಟ್ಟರು. ಹತ್ತು ಲೇಖನಗಳಿಗೆ ತಲಾ ಹತ್ತಾದರೂ ಉಲ್ಲೇಖ ಬಂದಿದ್ದರೆ ಅಂಕಿ 10. ಒಂದೇ ಲೇಖನಕ್ಕೆ ಐನೂರು ಉಲ್ಲೇಖ ಬಂದು, ಬೇರೆ ಲೇಖನವಿಲ್ಲದಿದ್ದರೆ ಅಂಕಿ ಬರಿಯ 1.

ಅಳೆಯುವುದು ತಪ್ಪಲ್ಲ. ಗ್ರಂಥಾಲಯದ ಕೆಲಸವನ್ನು ಅಂಕಿಗಳಿಂದ ಅಳೆಯಬೇಕೆಂದು ಎಸ್. ಆರ್. ರಂಗನಾಥನ್ 1948ರಲ್ಲಿಯೇ ಹೇಳಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಅದಕ್ಕೆ ಸಂಬಂಧಿಸಿದ ತರಬೇತಿ ಕೇಂದ್ರವನ್ನೂ ಕಟ್ಟಿದರು. ಓದುಗನಿಗೆ ಪುಸ್ತಕ ಬೇಗ ಸಿಗಲಿ ಎಂಬುದು ಅವರ ಉದ್ದೇಶ. ಇಂದಿನ ಅಳತೆ ಯಾರಿಗಾಗಿ?

ವ್ಯಾಪಾರಿ ಬಂಧುಗಳೇ, ಈ ಕೀರ್ದಿಯನ್ನು ನೀವೇ ತಪಾಸಣೆ ಮಾಡಿ. ಇದರಲ್ಲಿ ಜಮಾ ಬದಿ ಮಾತ್ರ ಇದೆ, ಖರ್ಚಿನ ಬದಿ ಇಲ್ಲ. “ಈ ಲೇಖನ ಪೂರ್ಣ ತಪ್ಪು” ಎಂದು ಬರೆದರೂ ಅದು ಒಂದು ಉಲ್ಲೇಖವೆಂದು ಜಮೆಯಾಗುತ್ತದೆ. ತನ್ನ ಲೇಖನವನ್ನು ತಾನೇ ಹೆಸರಿಸಿಕೊಂಡರೂ ಅನೇಕ ಕಡೆ ಜಮೆಯೇ. ಇನ್ನು ಪಾಲುದಾರಿಕೆ. ಮೂವರು ಕೂಡಿ ಬರೆದರೆ ಮೂವರ ಖಾತೆಯಲ್ಲೂ ಪೂರ್ತಿ ಒಂದು ಲೇಖನ ಏರುತ್ತದೆ. ಅಂಗಡಿಯ ಮೂವರು ಪಾಲುದಾರರು ಪೂರ್ತಿ ಲಾಭವನ್ನು ತಂತಮ್ಮ ವಹಿಯಲ್ಲಿ ಬರೆದುಕೊಂಡರೆ ನೀವು ಒಪ್ಪುವಿರಾ?

ವಿಚಿತ್ರವೆಂದರೆ, ಕಂಪನಿಯನ್ನು ಲಾಭದ ಅಂಕಿಯೊಂದರಿಂದಲೇ ಅಳೆಯಬೇಡಿರಿ. ಗಿರಾಕಿ, ಒಳಗಿನ ಕೆಲಸ, ಕಲಿಕೆ ಇವನ್ನೂ ನೋಡಿರಿ ಎಂದು 1992ರಲ್ಲಿ ಹೇಳಿದವರಲ್ಲಿ ಒಬ್ಬರು ರಾಬರ್ಟ್ ಕ್ಯಾಪ್ಲನ್, ಲೆಕ್ಕಶಾಸ್ತ್ರದ ಪ್ರಾಧ್ಯಾಪಕರೇ. ಜೊತೆಗಾರರು ಡೇವಿಡ್ ನಾರ್ಟನ್. ಕಂಪನಿಗೆ ಬೇಡವಾದ ಒಂಟಿ ಅಂಕಿ ಪಂಡಿತರಿಗೆ ಹೇಗೆ ಸಾಕಾಯಿತು?

ನಾವು ಶಾಲೆಯಲ್ಲಿ ಮಾಸ್ತರರಾಗಿದ್ದಾಗ, ತಪಾಸಣೆಯ ದಿನ ಹೊಲದಲ್ಲಿದ್ದ ಮಕ್ಕಳನ್ನು ಕರೆತಂದು ಹಾಜರಿ ತುಂಬಿಸಿದ್ದುಂಟು. ಪಟ್ಟಿ ತುಂಬಿತು, ಮಕ್ಕಳಿಗೆ ಕೂಡಿಸುವ ಲೆಕ್ಕ ಬರಲಿಲ್ಲ. ಆ ತಪ್ಪು ನಮ್ಮದು. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪಟ್ಟಿ ತಂದಾಗಲೂ ಆದದ್ದು ಇದೇ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಬೆಳೆದವು.

ಎಲ್ಲಕ್ಕಿಂತ ದೊಡ್ಡ ನಷ್ಟ ನಿಮ್ಮದು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘ ಹುಟ್ಟಿದ ನಾಡು ಇದು. ಸಂಘದ ಅಢಾವೆ ಪತ್ರಿಕೆಯನ್ನು ಸದಸ್ಯನೇ ಓದಿಕೊಳ್ಳಲೆಂದು, ಜಿಎಸ್‌ಟಿ ಲೆಕ್ಕ ಸಣ್ಣ ಅಂಗಡಿಯವನಿಗೆ ತಿಳಿಯಲೆಂದು ಒಬ್ಬ ಪ್ರಾಧ್ಯಾಪಕರು ಕನ್ನಡದಲ್ಲಿ ಪುಸ್ತಿಕೆ ಬರೆದರೆ, ಆ ಪರದೇಶದ ಸೂಚಿಗಳಲ್ಲಿ ಅದಕ್ಕೆ ಸಿಗುವುದು ಸೊನ್ನೆ. ನೂರು ಜನ ಕಾರ್ಮಿಕರು ಅದರಿಂದ ತಮ್ಮ ಭವಿಷ್ಯ ನಿಧಿಯ ಲೆಕ್ಕ ಹಿಡಿದರೂ ಸೊನ್ನೆಯೇ. ಮುಖ್ಯ ಸೂಚಿಗಳೆರಡೂ ಖಾಸಗಿ ಕಂಪನಿಗಳ ಸೊತ್ತು.

ಅಂಕಿ ತಜ್ಞರ ತೀರ್ಮಾನಕ್ಕೆ ನೆರವಾಗಬೇಕೇ ಹೊರತು ಅದರ ಜಾಗಕ್ಕೆ ಬರಬಾರದು, ಸ್ಥಳೀಯ ಅಗತ್ಯದ ಸಂಶೋಧನೆಯನ್ನು ಕಾಪಾಡಬೇಕು ಎಂದು 2015ರ ಲೈಡನ್ ಘೋಷಣೆ ಸಾರಿತು. ನಮ್ಮ ಒತ್ತಾಯವೂ ಅಷ್ಟೇ. ಬಡ್ತಿ ಕೊಡುವವರು ಲೇಖನವನ್ನು ಓದಲಿ. ಕೂಡಿ ಬರೆದಲ್ಲಿ ಯಾರ ದುಡಿಮೆ ಎಷ್ಟೆಂದು ಬರೆಯಿಸಲಿ. ಕನ್ನಡದ ಕೆಲಸವನ್ನು ಎಣಿಕೆಗೆ ಹಿಡಿಯಲಿ. ಆ ವಿದ್ಯೆಯಿಂದ ಯಾರ ಬದುಕಿಗೆ ಏನಾಯಿತೆಂದು ನಿಮ್ಮನ್ನೂ ಬಂದು ಕೇಳಲಿ. ಅವರು ಬಾರದಿದ್ದರೆ, ನಾವೇ ಹೋಗಿ ಕೇಳೋಣ.