ಬೀದಿಯಲ್ಲಿ ಧರ್ಮಪ್ರಚಾರ ಮತ್ತು ನಮ್ಮ ವಾಕ್‌ಸ್ವಾತಂತ್ರ್ಯ

(ಸಂಘದ ಮಾಸಿಕ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯವು ಸಂಬಳ, ರಜೆ, ಬೋನಸುಗಳಿಗೆ ಸಂಬಂಧಪಟ್ಟದ್ದಲ್ಲವೆಂದು ಕೆಲವರಿಗೆ ತೋರಬಹುದು. ಧರ್ಮದ ಮಾತಿಗೂ ಕಾಮಗಾರರ ಸಂಘಕ್ಕೂ ಏನು ನಂಟು ಎಂದು ಒಬ್ಬಿಬ್ಬರು ಬಾಗಿಲಲ್ಲಿಯೇ ಕೇಳಿದರು. ನಂಟು ಇದೆ, ಅದೂ ಬಹಳ ಹತ್ತಿರದ್ದು ಎಂಬುದನ್ನು ತೋರಿಸಿಕೊಡುವುದೇ ನಮ್ಮ ಉದ್ದೇಶ.

ಮುಂಬಯಿಯಲ್ಲಿ ಧರ್ಮದ ಮಾತು ಕಿವಿಗೆ ಬೀಳದ ದಿನವಿಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ತಾಳ ಹಿಡಿದ ಭಜನಾ ಮಂಡಳಿ, ಸ್ಟೇಷನ್ನಿನ ಹೊರಗೆ ಕರಪತ್ರ ಹಂಚುವ ಕ್ರೈಸ್ತ ಪ್ರಚಾರಕರು, ಮೊಹಲ್ಲಾದಲ್ಲಿ ಮೌಲವಿಯ ಪ್ರವಚನ, ಗಲ್ಲಿಗೊಂದು ಗಣೇಶನ ಮಂಟಪ, ಚಾಳಿನ ಅಂಗಳದಲ್ಲಿ ಹರಿಕಥೆ, ಡಿಸೆಂಬರ್ 6ರಂದು ದಾದರಿನಲ್ಲಿ ಬೌದ್ಧ ಪುಸ್ತಕಗಳ ಸಾಲು ಅಂಗಡಿಗಳು. ಇವೆಲ್ಲವನ್ನೂ ಕಂಡು ನಮ್ಮವರಲ್ಲಿಯೇ ಎರಡು ಬಗೆಯ ಮಾತು ಹುಟ್ಟುತ್ತದೆ. ‘ಧರ್ಮವನ್ನು ಮನೆಯೊಳಗೆ ಇಟ್ಟುಕೊಳ್ಳಲಿ, ಬೀದಿಯಲ್ಲಿ ಯಾರೂ ಬೋಧಿಸಕೂಡದು’ ಎನ್ನುವವರು ಕೆಲವರು. ‘ನಮ್ಮದು ನಡೆಯಲಿ, ಅವರದು ನಿಲ್ಲಲಿ’ ಎನ್ನುವವರು ಇನ್ನು ಕೆಲವರು. ಈ ಎರಡು ಮಾತುಗಳೂ ನಮಗೆ ಅಪಾಯಕರವೆಂದು ನಾವು ಭಾವಿಸುತ್ತೇವೆ.

ಮೊದಲು ನಮ್ಮ ನಾಡಿನ ಕಡೆಗೇ ನೋಡೋಣ. ಕನ್ನಡದಲ್ಲಿ ಧರ್ಮದ ಮಾತು ಗುಡಿಯ ಒಳಗೆ ಮಾತ್ರ ಬೆಳೆದುದಲ್ಲ. 12ನೆಯ ಶತಮಾನದ ಶರಣರಲ್ಲಿ ಅಂಬಿಗ, ಮಡಿವಾಳ, ಚಮ್ಮಾರ, ಡೋಹಾರ ಕಸುಬಿನವರಿದ್ದರು. ಅವರು ಜಾತಿಯನ್ನೂ ಡಂಭಾಚಾರವನ್ನೂ ನೇರವಾಗಿ ಟೀಕಿಸಿದರು. ಮುಂದೆ ಹರಿದಾಸರು ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಬೀದಿ ಬೀದಿಗಳಲ್ಲಿ ಹಾಡಿದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದು ತಮ್ಮ ಮತವನ್ನು ಬೋಧಿಸಿದರು. ನಮ್ಮ ದಕ್ಷಿಣ ಕನ್ನಡದ ತಮ್ಮಂದಿರಿಗೆ ಅವರ ಹಂಚಿನ ಕಾರ್ಖಾನೆಗಳ ಹೆಸರು ಗೊತ್ತು. ಆ ಮಿಶನ್ನಿನ ಹರ್ಮನ್ ಮೋಗ್ಲಿಂಗರೇ 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಮಿಶನ್ನಿನವರ ಬೋಧೆಯನ್ನು ಒಪ್ಪಿದವರು ಕೆಲವರು, ಒಪ್ಪದೆ ಉಳಿದವರು ಬಹಳ ಮಂದಿ. ಆದರೆ ‘ಕೇಳುವವರ ಮನಸ್ಸಿಗೆ ನೋವಾಗುತ್ತದೆ’ ಎಂಬ ಒಂದೇ ಕಾರಣಕ್ಕೆ ಬಾಯಿಗಳಿಗೆ ಬೀಗ ಹಾಕುತ್ತ ಬಂದಿದ್ದರೆ, ಇಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ವಚನಗಳೂ ಇರುತ್ತಿರಲಿಲ್ಲ, ಪದಗಳೂ ಇರುತ್ತಿರಲಿಲ್ಲ.

ಇನ್ನು ಕಾಯಿದೆಯ ಮಾತು. ನಮ್ಮ ಸಂವಿಧಾನದ 19ನೆಯ ವಿಧಿಯು ಮಾತಿನ ಸ್ವಾತಂತ್ರ್ಯವನ್ನು ಕೊಟ್ಟಿದೆ. 25ನೆಯ ವಿಧಿಯು ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ‘ಪ್ರಚಾರ’ ಎಂಬ ಈ ಒಂದು ಶಬ್ದದ ಮೇಲೆ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಬಿಸಿ ಚರ್ಚೆಯಾಯಿತು. ಅದನ್ನು ತೆಗೆದುಹಾಕಬೇಕೆಂದು ಕೆಲವರು ಪಟ್ಟುಹಿಡಿದರು. ಮುಂಬಯಿಯ ಕೆ. ಎಂ. ಮುನ್ಶಿಯವರು, ಈ ಶಬ್ದ ಇಲ್ಲದಿದ್ದರೂ ಮಾತಿನ ಸ್ವಾತಂತ್ರ್ಯದ ಅಡಿಯಲ್ಲಿಯೇ ಒಬ್ಬನು ಇನ್ನೊಬ್ಬನನ್ನು ತನ್ನ ಮತಕ್ಕೆ ಒಲಿಸಬಹುದೆಂದು ವಾದಿಸಿದರು. ಶಬ್ದ ಉಳಿಯಿತು.

ಈ ಹಕ್ಕುಗಳಿಗೆ ಮೇರೆಯೂ ಉಂಟು. ಸಾರ್ವಜನಿಕ ಶಾಂತಿ, ನೀತಿ ಮತ್ತು ಆರೋಗ್ಯ ಇವುಗಳಿಗೆ ಒಳಪಟ್ಟೇ ಧರ್ಮದ ಹಕ್ಕು ನಡೆಯಬೇಕೆಂದು 25ನೆಯ ವಿಧಿಯೇ ಹೇಳಿದೆ. ಈ ಮೇರೆ ಎಲ್ಲಿದೆ ಎಂಬುದನ್ನು ತಿಳಿಯದೆ ಹೋದರೆ ಪ್ರಚಾರಕನೂ ಕೆಡುತ್ತಾನೆ, ಕೇಳುವವನೂ ಕೆಡುತ್ತಾನೆ. ಅದನ್ನು ನಾವು ಮೂರು ಭಾಗವಾಗಿ ನೋಡೋಣ.

ಮೊದಲನೆಯದು ದ್ವೇಷದ ಮಾತು. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿ ಮಹಮ್ಮದರನ್ನು ಹೀಯಾಳಿಸಿದ ಒಂದು ಪುಸ್ತಿಕೆ ಅಚ್ಚಾಯಿತು. ಅಂದಿನ ಕಾಯಿದೆಯಲ್ಲಿ ಅದಕ್ಕೆ ಸರಿಯಾದ ಕಲಮು ಇಲ್ಲವೆಂದು ಲಾಹೋರ್ ಹೈಕೋರ್ಟು 1927ರಲ್ಲಿ ಪ್ರಕಾಶಕನನ್ನು ಬಿಡುಗಡೆ ಮಾಡಿತು. ಅದೇ ವರ್ಷ ದಂಡಸಂಹಿತೆಗೆ 295-ಎ ಎಂಬ ಹೊಸ ಕಲಮು ಸೇರಿತು. 1929ರಲ್ಲಿ ಆ ಪ್ರಕಾಶಕನ ಕೊಲೆಯಾಯಿತು. ಕಾಯಿದೆ ಬಂದರೂ ಕತ್ತಿ ನಿಲ್ಲಲಿಲ್ಲವೆಂಬುದನ್ನು ನಾವು ಮರೆಯಕೂಡದು. 1957ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಆದರೆ ಮಾತು ಒರಟಾಗಿದ್ದ ಮಾತ್ರಕ್ಕೆ ಅಪರಾಧವಾಗುವುದಿಲ್ಲ, ಒಂದು ವರ್ಗದವರ ಧಾರ್ಮಿಕ ಭಾವನೆಗಳನ್ನು ಕೆರಳಿಸಬೇಕೆಂಬ ಬುದ್ಧಿಪೂರ್ವಕವಾದ ದುರುದ್ದೇಶ ಇರಬೇಕು ಎಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಇದೇ ಅಪರಾಧವು 299ನೆಯ ಕಲಮಿನಲ್ಲಿದೆ. ಮೂರು ವರ್ಷಗಳವರೆಗೆ ಸಜೆಯಾಗಬಹುದು. ಆದುದರಿಂದ ‘ನಿಮ್ಮ ಪೂಜೆ ವ್ಯರ್ಥ, ನಮ್ಮ ದಾರಿಯೇ ಸರಿ’ ಎಂದು ಒಬ್ಬನು ಬೀದಿಯಲ್ಲಿ ಹೇಳಿದರೆ ಅದು ಅಭಿಪ್ರಾಯ. ‘ಆ ಜನರನ್ನು ಗಲ್ಲಿಯಿಂದ ಓಡಿಸಿ, ಅವರ ಅಂಗಡಿ ಸುಡಿ’ ಎಂದರೆ ಅದು ಅಪರಾಧ. ಎರಡಕ್ಕೂ ನಡುವೆ ಇರುವ ಅಂತರವನ್ನು ನಮ್ಮ ಪ್ರತಿಯೊಬ್ಬ ಸದಸ್ಯನೂ ಗುರುತಿಸಲು ಕಲಿಯಬೇಕು.

ಈ ಊರಿನಲ್ಲಿ ಅದನ್ನು ಕಲಿಯದೆ ಹೋದುದರ ಬೆಲೆ ನಮಗೆ ಗೊತ್ತು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ 900 ಮಂದಿ ಸತ್ತರೆಂದು ಶ್ರೀಕೃಷ್ಣ ಆಯೋಗವು ದಾಖಲಿಸಿದೆ. ರಸ್ತೆಗಳಲ್ಲಿ ನಡೆದ ಮಹಾಆರತಿಗಳೂ ಪತ್ರಿಕೆಗಳ ಉದ್ರೇಕದ ಬರಹಗಳೂ ಬೆಂಕಿಗೆ ತುಪ್ಪ ಸುರಿದುವೆಂದು ಅದೇ ವರದಿಯಿಂದ ತಿಳಿಯುತ್ತದೆ. ಪ್ರಾರ್ಥನೆ ದೇವರಿಗಾಗಿಯೋ ಎದುರಿನವನನ್ನು ಕೆಣಕುವುದಕ್ಕಾಗಿಯೋ ಎಂಬುದನ್ನು ಜನ ಬಲ್ಲರು. ಗಲಭೆಯಲ್ಲಿ ಹೋಟೇಲು ಮುಚ್ಚಿದಾಗ ದಿನಗೂಲಿ ತಪ್ಪಿದ್ದು ಹುಡುಗರಿಗೆ. ಭಾಷಣ ಮಾಡಿದವರ ಮನೆಯ ಒಲೆ ಆರಿರಲಿಲ್ಲ.

ಎರಡನೆಯದು ಬಲಾತ್ಕಾರ ಮತ್ತು ಆಮಿಷ. 1977ರಲ್ಲಿ ಸ್ಟೇನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ತನ್ನ ಮತದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕು ಎಲ್ಲರಿಗೂ ಇದೆ, ಇನ್ನೊಬ್ಬನನ್ನು ಮತಾಂತರಿಸುವುದೇ ಒಂದು ಹಕ್ಕಾಗಲಾರದು ಎಂದಿತು. ತೀರ್ಪು ತೀರ ಬಿಗಿಯಾಯಿತೆಂದು ಮುಂಬಯಿಯ ಪ್ರಸಿದ್ಧ ನ್ಯಾಯವಾದಿ ಎಚ್. ಎಂ. ಸೀರ್ವಾಯಿಯವರಂಥವರು ಟೀಕಿಸಿದರು. ಆ ವಾದ ಏನೇ ಇರಲಿ, ಒಂದು ಮಾತು ಕಾಮಗಾರರಾದ ನಮಗೆ ಸ್ಪಷ್ಟ. ಸಮಾನನು ಸಮಾನನಿಗೆ ಹೇಳಿದರೆ ಬೋಧೆ. ಅನ್ನದಾತನು ಆಳಿಗೆ ಹೇಳಿದರೆ ಅದರಲ್ಲಿ ಒತ್ತಾಯ ಅಡಗಿರುತ್ತದೆ. ‘ಈ ಭಜನೆಗೆ ಬರದಿದ್ದರೆ ನಾಳೆ ಕೆಲಸಕ್ಕೆ ಬರಬೇಡ’ ಎಂಬ ಧಣಿ, ಸಂಬಳದಲ್ಲಿ ಉತ್ಸವದ ವಂತಿಗೆಯನ್ನು ಕೇಳದೆ ಮುರಿದುಕೊಳ್ಳುವ ಧಣಿ, ‘ನಮ್ಮ ಪ್ರಾರ್ಥನೆಗೆ ಬಂದರೆ ಮಗನಿಗೆ ಕೆಲಸ’ ಎನ್ನುವವನು, ಇವರೆಲ್ಲ ಯಾವ ಧರ್ಮದವರಾದರೂ ಒಂದೇ. ಹೋಟೇಲಿನ ಹುಡುಗನಿಗೆ ಊಟವೂ ಮಲಗುವ ಜಾಗವೂ ಧಣಿಯ ಕೈಯಲ್ಲಿರುವಾಗ ‘ಒಲ್ಲೆ’ ಎನ್ನುವ ಬಾಯಿ ಅವನಿಗೆ ಎಲ್ಲಿಂದ ಬರಬೇಕು? ಆ ಬಾಯನ್ನು ಕೊಡುವುದು ಸಂಘದ ಕೆಲಸ.

ಮೂರನೆಯದು ಸದ್ದು. ಬೀದಿಯಲ್ಲಿ ನಿಂತು ಬಾಯಿಮಾತಿನಿಂದ ಬೋಧಿಸುವವನ ಮುಂದೆ ನಾವು ನಿಲ್ಲಲೂಬಹುದು, ನಡೆದುಹೋಗಲೂಬಹುದು. ಧ್ವನಿವರ್ಧಕ ಹಚ್ಚಿದರೆ ಆ ಆಯ್ಕೆ ನಮಗೆ ಉಳಿಯುವುದಿಲ್ಲ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಬಾಗಿಲಿಲ್ಲ. ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ ಮಲಗಿ, ನಾಲ್ಕಕ್ಕೆ ಎದ್ದು ಇಡ್ಲಿಗೆ ಒಲೆ ಹಚ್ಚುವ ಹುಡುಗನಿಗೆ ನಿದ್ದೆಯೇ ಆರೋಗ್ಯ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನ ಪಾಡೂ ಹಾಗೆಯೇ.

ಈ ಬಗ್ಗೆ 2000ದಲ್ಲಿ ಮದರಾಸಿನ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಒಂದು ಚರ್ಚಿನ ಧ್ವನಿವರ್ಧಕ ಮತ್ತು ವಾದ್ಯಗಳ ಸದ್ದಿನ ಮೇಲೆ ನೆರೆಹೊರೆಯವರು ದೂರು ಕೊಟ್ಟಿದ್ದರು. ನೆರೆಯವರ ಶಾಂತಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂದು ನ್ಯಾಯಾಲಯ ಹೇಳಿತು. ಅದೇ ವರ್ಷ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಹರಿದಿನಗಳಿಗಾಗಿ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ನಡುರಾತ್ರಿಯವರೆಗೆ ಸರಕಾರವು ಸಡಿಲಿಕೆ ಕೊಡಬಹುದು. ವಾಸದ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು, ಧ್ವನಿವರ್ಧಕವು ಯಾವ ಧರ್ಮಕ್ಕೂ ಅತ್ಯವಶ್ಯವಾದ ಅಂಗವಲ್ಲವೆಂದು ತೀರ್ಪಿತ್ತಿತು. ದೂರು ಕೊಟ್ಟವನ ಗುರುತನ್ನು ಕೇಳದೆಯೇ ಪೊಲೀಸರು ಕ್ರಮ ಕೈಗೊಳ್ಳಬೇಕೆಂದೂ ಹೇಳಿತು. ಗಲ್ಲಿಯ ದೊಡ್ಡವರಿಗೆ ಹೆದರಿ ಸುಮ್ಮನಿರುವ ನಮ್ಮ ಹುಡುಗರು ಈ ಕೊನೆಯ ಮಾತನ್ನು ನೆನಪಿಡಬೇಕು. ಮಸೀದಿಯ ಧ್ವನಿವರ್ಧಕಕ್ಕೆ ಒಂದು ನ್ಯಾಯ, ಮಂಟಪದ ಡಿಜೆಗೆ ಇನ್ನೊಂದು ನ್ಯಾಯ ಆಗಕೂಡದು. ಗಡಿಯಾರಕ್ಕೂ ಡೆಸಿಬಲ್ ಅಳೆಯುವ ಯಂತ್ರಕ್ಕೂ ಜಾತಿಯಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಇದರಲ್ಲಿ ಕಾಮಗಾರರ ಸಂಘಕ್ಕೆ ಏನು?

ಬಂಧುಗಳೇ, ಬೀದಿ ಎಂಬುದು ಧರ್ಮಪ್ರಚಾರಕನಿಗೆ ಎಷ್ಟು ಬೇಕೋ ನಮಗೆ ಅದಕ್ಕಿಂತ ಹೆಚ್ಚು ಬೇಕು. ನಮಗೆ ಮಠವಿಲ್ಲ, ದೊಡ್ಡ ಸಭಾಂಗಣವಿಲ್ಲ. 1890ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಸಾವಿರಾರು ಸಂಖ್ಯೆಯಲ್ಲಿ ಬಯಲಲ್ಲಿ ಸೇರಿಸಿ ಮಾತನಾಡಿದ ಫಲವಾಗಿ ಮುಂಬಯಿಯ ಗಿರಣಿಗಳಿಗೆ ಭಾನುವಾರದ ರಜೆ ಬಂತು. ಆ ಲೋಖಂಡೆಯವರು ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು. ಪುರೋಹಿತಶಾಹಿಯ ವಿರುದ್ಧ ಮಾತನಾಡಿದ ಬಾಯಿಯೇ ರಜೆಯನ್ನೂ ಕೇಳಿತು. 1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರದ ಕಾಲದಲ್ಲಿ ಗಿರಣಗಾವಿನ ಗೇಟುಗಳೂ ಮೈದಾನಗಳೂ ನಮ್ಮ ಸಭಾಂಗಣಗಳಾಗಿದ್ದುವು. ಇಂದು ಆ ಗಿರಣಿಗಳ ಜಾಗದಲ್ಲಿ ಮಾಲುಗಳೂ ಗೋಪುರಗಳೂ ಎದ್ದಿವೆ. ಆದರೂ ಮನೆಗಾಗಿ ಹೋರಾಡುವ ಗಿರಣಿ ಕಾಮಗಾರರು ಸೇರುವುದು ಬಯಲಿನಲ್ಲಿಯೇ.

ಹೀಗಿರುವಾಗ ‘ಬೀದಿಯಲ್ಲಿ ಬೋಧನೆ ಬೇಡ’ ಎಂಬ ನಿಯಮ ಬಂದರೆ ಅದು ಮೊದಲು ಯಾರ ಮೇಲೆ ಬೀಳುವುದು? ಪ್ರಚಾರಕನಿಗೆ ಗುಡಿಯೋ ಚರ್ಚೋ ಮಸೀದಿಯೋ ಇದೆ. ನಮಗೆ ಬೀದಿಯನ್ನು ಬಿಟ್ಟರೆ ಬೇರೆ ಇಲ್ಲ. ಇದು ಬರಿಯ ಊಹೆಯೂ ಅಲ್ಲ. 1950ರಲ್ಲಿ ಮುಂಬಯಿಯಲ್ಲಿ ಅಚ್ಚಾಗುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ಎಡಪಂಥದ ಪತ್ರಿಕೆಯನ್ನು ಮದರಾಸು ಸರಕಾರವು ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿಯೇ ತಡೆಯಿತು; ಸುಪ್ರೀಂ ಕೋರ್ಟು ಆ ತಡೆಯನ್ನು ರದ್ದುಮಾಡಿತು. ಮರುವರ್ಷ ಸಂವಿಧಾನಕ್ಕೆ ತಿದ್ದುಪಡಿ ತಂದು ಸಾರ್ವಜನಿಕ ಶಾಂತಿಗಾಗಿ ಮಾತಿಗೆ ನಿರ್ಬಂಧ ಹಾಕಬಹುದೆಂದು ಸೇರಿಸಲಾಯಿತು. ಆದರೆ ನಿರ್ಬಂಧ ಸಮಂಜಸವಾಗಿರಬೇಕೆಂಬ ಕಟ್ಟುಪಾಡನ್ನೂ ಹಾಕಲಾಯಿತು. 1970ರ ದಶಕದ ಆರಂಭದಲ್ಲಿ ಅಹಮದಾಬಾದಿನ ಹಿಂಮತಲಾಲ್ ಷಾ ಮೊಕದ್ದಮೆಯಲ್ಲಿಯೂ ಇದೇ ಬಗೆಯ ಪ್ರಶ್ನೆ ಬಂತು. ಬೀದಿಯ ಸಭೆಗಳನ್ನು ಪೊಲೀಸರು ಕ್ರಮಪಡಿಸಬಹುದು, ಆದರೆ ತಮ್ಮ ಇಷ್ಟದಂತೆ ಪೂರ್ತಿ ನಿಲ್ಲಿಸಲಾರರು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪಿನ ನೆರಳಿನಲ್ಲಿ ಪ್ರವಚನಕಾರನೂ ನಿಲ್ಲುತ್ತಾನೆ, ಸಂಘದ ಕಾರ್ಯಕರ್ತನೂ ನಿಲ್ಲುತ್ತಾನೆ. ಒಬ್ಬನನ್ನು ಓಡಿಸಿದರೆ ಇನ್ನೊಬ್ಬನ ನೆರಳೂ ಹೋಗುತ್ತದೆ.

ಹಾಗಾದರೆ ನಮ್ಮ ದೇವರನ್ನು ಯಾರೋ ಬೀದಿಯಲ್ಲಿ ಹೀನಾಯವಾಗಿ ಆಡಿದರೆ ಸುಮ್ಮನಿರಬೇಕೇ ಎಂದು ಕೇಳಬಹುದು. ಸುಮ್ಮನಿರಬೇಕೆಂದು ನಾವು ಹೇಳುವುದಿಲ್ಲ. ಮಾತಿಗೆ ಮಾತಿನಿಂದ ಉತ್ತರ ಕೊಡಿ, ಇಲ್ಲವೆ ಎದ್ದು ನಡೆಯಿರಿ. ಮಾತು ದ್ವೇಷಕ್ಕೆ ತಿರುಗಿದರೆ ದಿನಾಂಕ, ಸ್ಥಳ, ಹೇಳಿದ ಮಾತು ಇವನ್ನು ಬರೆದುಕೊಂಡು ಸಂಘಕ್ಕೆ ತನ್ನಿ. ದೂರು ಕೊಡುವ ಜವಾಬ್ದಾರಿ ಸಮಿತಿಯದು. ಕೈ ಮಾತ್ರ ಎತ್ತಬೇಡಿ. ಕೈ ಎತ್ತಿದವನು ಜೈಲಿಗೆ ಹೋಗುತ್ತಾನೆ, ಅವನ ಮನೆಗೆ ಹೋಗುವ ಮನಿಯಾರ್ಡರು ನಿಲ್ಲುತ್ತದೆ, ಎತ್ತಿಸಿದವನು ಮುಂದಿನ ಸಭೆಗೆ ಹೋಗುತ್ತಾನೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ದಿನವೂ ಸಾವಿರ ಜನರಿಗೆ ಊಟ ಬಡಿಸುವ ನಮಗೆ ಈ ಗಾದೆಯ ಎರಡನೆಯ ಅರ್ಧವೂ ಬೇಕು. ನಾವು ಬಡಿಸುವ ಎಲೆಯ ಮುಂದೆ ಯಾರ ಮತವನ್ನೂ ಕೇಳುವುದಿಲ್ಲ. ಅದೇ ನಡತೆ ಬೀದಿಯಲ್ಲಿಯೂ ಇರಲಿ.

ಈ ಸಭೆಯ ಮುಂದೆ ಸಮಿತಿಯು ಮೂರು ಸೂಚನೆಗಳನ್ನು ಇಡುತ್ತದೆ. ಯಾವ ಮತದ ಪ್ರಚಾರಕ್ಕೂ ನಮ್ಮ ಸದಸ್ಯರು ಅಡ್ಡಿಮಾಡಬಾರದು. ಕೆಲಸದ ಜಾಗದಲ್ಲಿ ಧರ್ಮದ ಹೆಸರಿನ ಒತ್ತಾಯವಾಗಲಿ ವಂತಿಗೆಯ ಕಡಿತವಾಗಲಿ ನಡೆದರೆ ಕೂಡಲೇ ಸಂಘಕ್ಕೆ ತಿಳಿಸಬೇಕು. ನಮ್ಮ ಸಂಘದ ಉತ್ಸವದಲ್ಲಿ ರಾತ್ರಿ 10ಕ್ಕೆ ಸರಿಯಾಗಿ ಧ್ವನಿವರ್ಧಕ ನಿಲ್ಲಬೇಕು, ಯಾರೇ ಹಾಡುತ್ತಿರಲಿ. ಇನ್ನೊಬ್ಬರಿಗೆ ಹೇಳುವ ಮೊದಲು ನಾವು ಮಾಡಿ ತೋರಿಸಬೇಕಾದುದು ಇದೇ.

ಸೂಚನೆಗಳನ್ನು ಒಪ್ಪುವವರೂ ಒಪ್ಪದವರೂ ಈಗ ನಿರ್ಭಯವಾಗಿ ಮಾತನಾಡಬೇಕೆಂದು ಕೋರುತ್ತೇವೆ.